ಪಿಂಗಾಣಿ ರೈತನ ಬಟ್ಟೆಗೆ ಮಣ್ಣೇಕೆ ಅಂಟಿಲ್ಲ?

ಪ್ರಶ್ನೆ: ಜರ್ಮನಿಯ ವಸ್ತುಸಂಗ್ರಹಾಲಯವೊಂದರಲ್ಲಿ ಹದಿನೆಂಟನೆಯ ಶತಮಾನದ ಪಿಂಗಾಣಿ ಬೊಂಬೆಗಳನ್ನು ನೋಡಿದೆ. ಕೊಯ್ಲಿನವರು, ತೋಟಗಾರರು, ಗಣಿ ಕೆಲಸಗಾರರು ಎಲ್ಲರೂ ಶುಭ್ರವಾದ ಉಡುಪಿನಲ್ಲಿದ್ದಾರೆ. ಅಂದಿನ ದುಡಿಯುವ ಜನ ಹೀಗೆಯೇ ಇದ್ದರೆ? ಬಹುತೇಕ ಬೊಂಬೆಗಳ ಕಾಲಿನ ಹಿಂದೆ ಮರದ ಮೋಟು ಏಕಿರುತ್ತದೆ?

ಉತ್ತರ: ಖಂಡಿತ ಹಾಗಿರಲಿಲ್ಲ. ಈ ಬೊಂಬೆಗಳನ್ನು ಮಾಡಿಸಿದವರು ಅರಮನೆಯವರು. ಔತಣದ ಕೊನೆಯಲ್ಲಿ ಸಿಹಿತಿನಿಸು ಬಡಿಸುವಾಗ ಮೇಜಿನ ಮೇಲೆ ಅಲಂಕಾರಕ್ಕೆ ಇಡುತ್ತಿದ್ದ ಸಕ್ಕರೆ ಮತ್ತು ಮೇಣದ ಗೊಂಬೆಗಳ ಜಾಗಕ್ಕೆ ಇವು ಬಂದವು. ಜರ್ಮನ್ ಆಸ್ಥಾನಗಳಲ್ಲಿ ಅರಸು ಮನೆತನದವರೇ ರೈತರ, ಹೋಟೆಲಿನವರ ವೇಷ ತೊಟ್ಟು ಸಂಭ್ರಮಿಸುವ ಉತ್ಸವಗಳೂ ನಡೆಯುತ್ತಿದ್ದವು. ಆದ್ದರಿಂದ ಹೂವಿನ ಚಿತ್ತಾರದ ಲಂಗ ಉಟ್ಟ ಪಿಂಗಾಣಿ ರೈತ ಹೆಂಗಸಿನಲ್ಲಿ ಹೊಲದಲ್ಲಿ ದುಡಿದವಳಿಗಿಂತ ರೈತಳ ವೇಷ ಹಾಕಿದ ರಾಜಕುಮಾರಿಯೇ ಹೆಚ್ಚಾಗಿ ಕಾಣುತ್ತಾಳೆ.

ಹಾಗೆಂದು ಇವೆಲ್ಲವೂ ಬರಿಯ ಕಲ್ಪನೆಯಲ್ಲ. 1710ರಲ್ಲಿ ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಆರಂಭವಾದ ಮೈಸನ್ ಪಿಂಗಾಣಿ ಕಾರ್ಖಾನೆಗೆ 1731ರಲ್ಲಿ ಸೇರಿದ ಶಿಲ್ಪಿ ಯೋಹಾನ್ ಯೋಆಖಿಮ್ ಕೆಂಡ್ಲರ್ ಮತ್ತು ಅವನ ಸಹಾಯಕರು ಪ್ಯಾರಿಸ್ಸಿನ ಬೀದಿ ವ್ಯಾಪಾರಿಗಳ ಮುದ್ರಿತ ಚಿತ್ರಗಳನ್ನು ಮುಂದಿಟ್ಟುಕೊಂಡು ಇಡೀ ಸರಣಿಯನ್ನೇ ರೂಪಿಸಿದರು. ಬುಟ್ಟಿ ಹೊರುವ ಬಗೆ, ಭಾರಕ್ಕೆ ಬಾಗಿದ ಭುಜ ಅವುಗಳಲ್ಲಿ ನಂಬುವಂತಿವೆ. ನನ್ನ ಮಟ್ಟಿಗೆ ಇನ್ನೂ ಗಮನಾರ್ಹವಾದವು ಗಣಿ ಕೆಲಸಗಾರರ ಬೊಂಬೆಗಳು. ಸ್ಯಾಕ್ಸನಿಯ ಸಂಪತ್ತಿಗೆ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ಬೆಳ್ಳಿಯೇ ಆಧಾರವಾಗಿದ್ದುದರಿಂದ, 1719ರಲ್ಲಿ ಯುವರಾಜನ ವಿವಾಹೋತ್ಸವದಲ್ಲಿ ಗಣಿಯವರ ಭಾರಿ ಮೆರವಣಿಗೆಯನ್ನೇ ಏರ್ಪಡಿಸಲಾಗಿತ್ತು. ಬೊಂಬೆಗಳು ತೊಟ್ಟಿರುವುದೂ ಮೆರವಣಿಗೆಯ ಉಡುಪನ್ನೇ. ಆದರೆ ಅವುಗಳನ್ನು ಹಿಂದಿನಿಂದ ನೋಡಿ: ಸೊಂಟದ ಕೆಳಗೆ ಇಳಿಬಿದ್ದ ಚರ್ಮದ ತುಂಡು, ಕಲ್ಲಿನ ಮೇಲೆ ಕೂರಲು, ಇಳಿಜಾರಿನಲ್ಲಿ ಜಾರಲು ಗಣಿಯವರು ನಿಜವಾಗಿ ಕಟ್ಟಿಕೊಳ್ಳುತ್ತಿದ್ದ ರಕ್ಷಣೆ. ಮೊಣಕಾಲಿನ ಚರ್ಮದ ಕವಚವೂ ಹಾಗೆಯೇ. ಶೃಂಗಾರದ ನಡುವೆ ಕೆಲಸದ ಗುರುತು ಉಳಿದಿರುವುದು ಇಂಥ ಕಡೆಗಳಲ್ಲಿ.

ಮರದ ಮೋಟಿಗೆ ಕಾರಣ ಕುಲುಮೆಯದು. ಶಿಲ್ಪಿಯ ಮೂಲ ಮಾದರಿಯನ್ನು ತುಂಡು ಮಾಡಿ, ಪ್ರತಿಯೊಂದು ತುಂಡಿಗೂ ಜಿಪ್ಸಮ್ ಅಚ್ಚು ತೆಗೆದು, ಅಚ್ಚಿನಿಂದ ಬಂದ ಕೈ, ಕಾಲು, ಮುಂಡಗಳನ್ನು ನೀರಾದ ಪಿಂಗಾಣಿ ಮಣ್ಣಿನಿಂದ ಅಂಟಿಸಲಾಗುತ್ತಿತ್ತು. ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುವಾಗ ಮಣ್ಣು ಮೆತ್ತಗಾಗಿ, ಹೆಚ್ಚುಕಡಿಮೆ ಆರನೇ ಒಂದು ಪಾಲು ಕುಗ್ಗುತ್ತದೆ. ಆ ಗಳಿಗೆಯಲ್ಲಿ ಎರಡು ತೆಳು ಕಾಲುಗಳು ಮುಂಡದ ಭಾರವನ್ನು ತಡೆಯಲಾರವು. ಮೋಟು, ಬಂಡೆ, ಧಾನ್ಯದ ಕಟ್ಟು, ಕೆಲವೊಮ್ಮೆ ನಾಯಿ ಕೂಡ ಆಸರೆಯಾಗಿ ನಿಲ್ಲುವುದು ಇದಕ್ಕಾಗಿ. ಇನ್ನೊಮ್ಮೆ ನೋಡುವಾಗ ಪೀಠವನ್ನೂ ಗಮನಿಸಿ: ಎಲೆ, ಹೂ ಅಂಟಿಸಿದ ಸರಳ ದಿಬ್ಬವಾದರೆ ಸಾಮಾನ್ಯವಾಗಿ ಶತಮಾನದ ಮಧ್ಯಭಾಗಕ್ಕಿಂತ ಮುಂಚಿನ ಮಾದರಿ, ಚಿನ್ನದ ಗೆರೆ ಎಳೆದ ಸುರುಳಿ ಅಂಚಿದ್ದರೆ ಅನಂತರದ್ದು.