ಹಳೇ ಲಾರಿಯ ಇಂಜಿನ್ ಆಯಿಲ್ ಹಾಲು ಕಾಫಿ ಬಣ್ಣ ಆಗಿದೆ, ಹೆಡ್ ಇಳಿಸಬೇಕಾ?

ಬೇಡ, ಇವತ್ತಂತೂ ಬೇಡ. ಆ ಬಣ್ಣ ಬಂದರೆ ಸಾಮಾನ್ಯವಾಗಿ ಆಯಿಲ್ಲಿಗೆ ನೀರು ಸೇರಿರುತ್ತೆ. ಮಿಸ್ತ್ರಿ ಗೇಜು (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿದ ತಕ್ಷಣ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಅಂದಿದ್ದಾರೆ, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರ. ಹೆಡ್ ಇಳಿಸೋದೋ, ಇಂಜಿನ್ನನ್ನೇ ಬದಲಾಯಿಸೋದೋ ಅಂತ ನೀವು ಕೇಳ್ತಿದ್ದೀರಿ. ನೀರು ಎಲ್ಲಿಂದ ಬರ್ತಿದೆ ಅಂತ ಇನ್ನೂ ಯಾರೂ ನೋಡಿಲ್ಲ. ಅಲ್ಲಿಯವರೆಗೆ ಈ ಎರಡರಲ್ಲಿ ಯಾವುದಕ್ಕೂ ದುಡ್ಡು ಬಿಚ್ಚಬೇಡಿ.

ನನ್ನ ಗಾಡಿಯೂ ಆರು ಸಿಲಿಂಡರಿನ ಹಳೇದು. ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರ ನಿಂತಿತ್ತು, ಗೇಜಿನ ತುದಿಯಲ್ಲಿ ಕೆನೆ. ಅದೇ ಸಂಜೆ ರೇಡಿಯೇಟರ್ ನೀರು ಬಿಟ್ಟು ಹೆಡ್ ಇಳಿಸಿಬಿಟ್ಟೆ. ಗ್ಯಾಸ್ಕೆಟ್ ಎಲ್ಲೂ ಸುಟ್ಟಿರಲಿಲ್ಲ. ಹೆಡ್ ಬಾಗಿದೆಯಾ ಅಂತ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟರೆ ಅಡಿಯಲ್ಲಿ 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಕೂಡ ತೂರಲಿಲ್ಲ. ಹೇಗೂ ಇಳಿಸಿದ್ದಾಯ್ತಲ್ಲ ಅಂತ ಹೆಡ್ಡಿನ ತಳ ಮಟ್ಟ ಮಾಡಿಸಿ (ಫೇಸಿಂಗ್), ಜೆ.ಸಿ. ರೋಡಿನಿಂದ ಹೊಸ ಗ್ಯಾಸ್ಕೆಟ್ ತಂದು ಕೂರಿಸಿದೆ. ನಾಲ್ಕನೇ ಟ್ರಿಪ್ಪಿಗೆ ಮತ್ತೆ ಕೆನೆ. ಕಳ್ಳ ಇದ್ದದ್ದು ಆಯಿಲ್ ಕೂಲರಿನಲ್ಲಿ, ಅಂದರೆ ನೀರಿನಿಂದ ಆಯಿಲ್ ತಣಿಸುವ ಭಾಗದಲ್ಲಿ.

ಹೆಡ್ ಇಳಿಸಿದ್ದಕ್ಕಿಂತ ದೊಡ್ಡ ತಪ್ಪು ಆ ನೀರು ಬಿಟ್ಟಿದ್ದು. ಅದು ಸಾಕ್ಷಿ ನಾಶ ಮಾಡಿದ ಹಾಗೆ. ವ್ಯವಸ್ಥೆ ತುಂಬಿದ್ದಾಗ ಮಾತ್ರ ಪ್ರೆಶರ್ ಕೊಟ್ಟು ಎಲ್ಲಿ ತೊಟ್ಟಿಕ್ಕುತ್ತೆ ನೋಡಬಹುದು. ಹೆಡ್ ಎತ್ತಿದ ಮೇಲೆ ನೀರಿನ ದಾರಿಯೇ ತುಂಡಾಗಿರುತ್ತೆ, ಪ್ರೆಶರ್ ಯಾವುದಕ್ಕೆ ಕೊಡ್ತೀರಿ? ಅದಕ್ಕಿಂತ ಬೇಜಾರಿನ ಸಂಗತಿ, ನೀರು ಬಿಡುವಾಗಲೇ ಉತ್ತರ ಕಣ್ಣೆದುರಿಗಿತ್ತು. ಟಾಪ್ ಟ್ಯಾಂಕಿನ ಒಳಗೋಡೆಗೆ ಕಪ್ಪು ಜಿಡ್ಡು ಮೆತ್ತಿತ್ತು, ಬೆರಳಿಟ್ಟರೆ ಗ್ರೀಸಿನ ಹಾಗೆ ಎಳೆ ಬರುತ್ತಿತ್ತು. ನಾನು ಅದನ್ನೂ ಗ್ಯಾಸ್ಕೆಟ್ ಲೆಕ್ಕಕ್ಕೇ ಬರೆದೆ.

ಲೆಕ್ಕ ಹೀಗೆ ನೋಡಿ. ಇಂಜಿನ್ ಓಡುವಾಗ ಆಯಿಲ್ ಗ್ಯಾಲರಿಯಲ್ಲಿ (ಒತ್ತಡದ ಆಯಿಲ್ ಹರಿಯುವ ದಾರಿ) 3-4 ಬಾರ್ ಒತ್ತಡ, ನೀರಿನ ಕಡೆ ಹೆಚ್ಚೆಂದರೆ 1 ಬಾರ್. ಕೂಲರ್ ಸೀಳಿದ್ದರೆ ಆಯಿಲ್ಲೇ ನೀರಿಗೆ ನುಗ್ಗುತ್ತೆ. ಇಂಜಿನ್ ಆಫ್ ಮಾಡಿದ ಕೂಡಲೇ ಆಯಿಲ್ ಒತ್ತಡ ಸೊನ್ನೆ. ಬಿಸಿ ರೇಡಿಯೇಟರಿನಲ್ಲಿ ಮಾತ್ರ ಒತ್ತಡ ಇನ್ನೂ ಇರುತ್ತೆ, ಆಗ ನೀರು ಆಯಿಲ್ಲಿಗೆ ಬರುತ್ತೆ. ಹಾಗಾಗಿ ಎರಡೂ ಕಡೆ ಕಲಬೆರಕೆ ಇದ್ದರೆ ಮೊದಲ ಅನುಮಾನ ಕೂಲರ್ ಮೇಲೆ, ಆಮೇಲೆ ಗ್ಯಾಸ್ಕೆಟ್‌ನಲ್ಲಿ ಪ್ರೆಶರ್ ಆಯಿಲ್ ಹಾಯುವ ತೂತಿನ ಮೇಲೆ. ರೇಡಿಯೇಟರ್ ಶುದ್ಧವಾಗಿದ್ದು ಆಯಿಲ್ ಮಾತ್ರ ಕೆಟ್ಟಿದ್ದರೆ ಒತ್ತಡ ಇಲ್ಲದ ಜಾಗ ಹುಡುಕಿ: ಲೈನರಿನ (ಪಿಸ್ಟನ್ ಓಡಾಡುವ, ಬ್ಲಾಕಿನೊಳಗೆ ಕೂರಿಸಿದ ಕೊಳವೆ) ಕೆಳಗಿನ ಓ-ರಿಂಗ್ ಅನ್ನೋ ರಬ್ಬರ್ ಬಳೆ, ಲೈನರಿನ ಸೂಜಿ ತೂತು, ಹೆಡ್ ಮೇಲಿನ ರಾಕರ್ ಕವರ್ ಒಳಗಿನ ಕೋರ್ ಪ್ಲಗ್ (ನೀರಿನ ದಾರಿ ಮುಚ್ಚುವ ಬಿರಡೆ).

ಈಗ ನಿಮ್ಮ ಕೆಲಸ. ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಗಾಡಿ ರಾತ್ರಿಯಿಡೀ ಅಲುಗದೆ ನಿಲ್ಲಲಿ. ಬೆಳಿಗ್ಗೆ ಚೇಂಬರಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಸಡಿಲಿಸಿ, ಕೆಳಗೆ ಪಾರದರ್ಶಕ ಬಾಟಲಿ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ಬಿಡಿ ನೀರಿದ್ದರೆ ಅದೇ ಮೊದಲು ಬರುತ್ತೆ. ಕೂಲಂಟಿನ ಹಸಿರೋ ಕೆಂಪೋ ಕಂಡರೆ ಅನುಮಾನ ಮುಗೀತು.

ನೀರು ಬರದೆ, ಆಯಿಲ್ ಫಿಲ್ಲರ್ ಮುಚ್ಚಳದಡಿ ಮಾತ್ರ ಹಳದಿ ಕೆನೆ ಇದ್ದು ಗೇಜು ಶುದ್ಧವಾಗಿದ್ದರೆ ಅದು ಬರೀ ಬೆವರು. ಬೆಂಗಳೂರಿನ ಮಳೆಗಾಲದಲ್ಲಿ, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಪೀಣ್ಯದೊಳಗೇ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಇದು ಮಾಮೂಲು. ನೆಲಮಂಗಲ ದಾಟಿ ತುಮಕೂರಿಗೆ ಒಂದು ಲೋಡು ಹೋಗಿಬಂದರೆ ಹೋಗುತ್ತೆ. ಆಯಿಲ್ ಮಟ್ಟ ಏರಿದೆ ಆದರೆ ಬಣ್ಣ ಕಪ್ಪೇ ಇದೆ, ತೆಳ್ಳಗಾಗಿದೆ, ಡೀಸೆಲ್ ವಾಸನೆ ಬರ್ತಿದೆ ಅಂದರೆ ರೇಡಿಯೇಟರ್ ಬಿಟ್ಟು ಫೀಡ್ ಪಂಪ್, ಇಂಜೆಕ್ಟರ್ ಕಡೆ ಹೋಗಿ.

ಗುಜರಿಯ ಒಂದು ಕಬ್ಬಿಣದ ಹಂಚನ್ನು ದೋಸೆಗೆ ಕಾಯಿಸುವಷ್ಟು ಕಾಯಿಸಿ ಒಂದು ತೊಟ್ಟು ಆಯಿಲ್ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಚಟಚಟ ಅಂದರೆ ನೀರಿದೆ. ಸುಮ್ಮನಿದ್ದರೆ ನೀರಿಲ್ಲ ಅನ್ನೋಹಾಗಿಲ್ಲ: ದೂರ ಓಡಿದ ಗಾಡಿಯಲ್ಲಿ ನೀರು ಆವಿಯಾಗಿ ಗ್ಲೈಕಾಲ್ ಮಾತ್ರ ಉಳಿದಿರುತ್ತೆ. ಆಗ ಸ್ಯಾಂಪಲ್ಲನ್ನು ಲ್ಯಾಬಿಗೆ ಕೊಟ್ಟು ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ಕೂಲಂಟಿನ ಉಪ್ಪು ಆವಿಯಾಗಲ್ಲ.

ಮುಖ್ಯ ಪರೀಕ್ಷೆ ಇದು. ಇಂಜಿನ್ ತಣ್ಣಗಿರಲಿ, ರೇಡಿಯೇಟರ್ ತುಂಬಿರಲಿ. ಆಯಿಲ್ ಬಸಿದು ಚೇಂಬರ್ ಇಳಿಸಿ, ಆಯಿಲ್ ಫಿಲ್ಟರ್ ಬಿಚ್ಚಿ. ರೇಡಿಯೇಟರ್ ಕ್ಯಾಪಿನ ಜಾಗಕ್ಕೆ ಕೈ ಪಂಪಿನ ಟೆಸ್ಟರ್ ಕೂರಿಸಿ, ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಡಿ. ‘ಇನ್ನೊಂದು ಸ್ವಲ್ಪ’ ಅಂತ ಏರಿಸಿದರೆ ಹಳೇ ಟಾಪ್ ಟ್ಯಾಂಕ್ ಬೆಸುಗೆ ಬಿಡುತ್ತೆ. ಕೆಳಗೆ ದಿನಪತ್ರಿಕೆ ಹಾಸಿ ಅದರ ಮೇಲೆ ಸಿಲಿಂಡರ್ ನಂಬರ್ ಬರೆಯಿರಿ. ಒಂದು ಗಂಟೆ ಬಿಟ್ಟು ನೋಡಿ, ಒಣಗಿದ್ದರೆ ರಾತ್ರಿಯಿಡೀ ಬಿಡಿ.

ಲೈನರ್ ಬುಡಕ್ಕೂ ಬ್ಲಾಕಿಗೂ ನಡುವೆ ತೊಟ್ಟಿಕ್ಕಿದರೆ ಓ-ರಿಂಗ್. ಲೈನರಿನ ಗೋಡೆಯಿಂದಲೇ ಜಿನುಗಿದರೆ ಸೂಜಿ ತೂತು, ಅಲ್ಲಿ ಓ-ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ, ಅದರ ನೀರಿನ ಬದಿಯಲ್ಲಿ ಗುಳ್ಳೆ ಒಡೆದೊಡೆದು ಲೋಹ ತಿನ್ನುತ್ತೆ. ಕೂಲಂಟ್ ಹಾಕದೆ ಬರೀ ಬೋರ್‌ವೆಲ್ ನೀರು ಸುರಿಯುವ ನಮ್ಮ ಅಭ್ಯಾಸ ಅದಕ್ಕೆ ದಾರಿ ಮಾಡಿಕೊಡುತ್ತೆ. ಪಿಸ್ಟನ್ ಪಕ್ಕದಿಂದ ಇಳಿದರೆ ನೀರು ಮೇಲಿಂದ ಬರ್ತಿದೆ, ಗ್ಯಾಸ್ಕೆಟ್ ಅಥವಾ ಹೆಡ್ ಸೀಳು. ನಿಮ್ಮ ಮಿಸ್ತ್ರಿ ಗೆಲ್ಲೋದು ಈ ಒಂದು ಕಡೆ. ಫಿಲ್ಟರ್ ಕೂರುವ ಜಾಗದಿಂದಲೋ ಮೇನ್ ಬೇರಿಂಗ್ ಸಂದಿಯಿಂದಲೋ ನೀರು ಬಂದರೆ ಅದು ಆಯಿಲ್ ಗ್ಯಾಲರಿಗೆ ಸೇರಿದೆ, ಅಂದರೆ ಬಹುಪಾಲು ಕೂಲರ್. ನಿಮ್ಮದು ಕಮ್ಮಿನ್ಸ್ 6ಬಿಟಿ ಇಂಜಿನ್ ಆಗಿದ್ದರೆ ಅದಕ್ಕೆ ಬಿಡಿಯಾಗಿ ಕೂರಿಸಿದ ಲೈನರೇ ಇಲ್ಲ, ಓ-ರಿಂಗ್ ಅಂತ ಯಾರಾದರೂ ಎಸ್ಟಿಮೇಟ್ ಕೊಟ್ಟರೆ ಎದ್ದು ಬನ್ನಿ.

ಕೂಲರ್ ಬಿಚ್ಚಿ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ 4-5 ಬಾರ್ ಗಾಳಿ ಕೊಟ್ಟು ಬಿಸಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ. ಬಿಸಿನೀರೇ ಆಗಬೇಕು. ನನ್ನದು ತಣ್ಣೀರಿನಲ್ಲಿ ಒಂದು ಗುಳ್ಳೆಯೂ ಬಿಡಲಿಲ್ಲ, ಕೈ ಇಡಲಾಗದಷ್ಟು ಬಿಸಿ ಮಾಡಿದ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು.

ಎಲ್ಲರೂ ಮರೆಯೋದು ಏರ್ ಬ್ರೇಕಿನ ಕಂಪ್ರೆಸರ್. ಅದರ ಹೆಡ್ಡಿಗೂ ಇಂಜಿನ್ ನೀರೇ ಹೋಗುವ ಗಾಡಿಗಳಿವೆ, ಅದರ ಆಯಿಲ್ ವಾಪಸ್ ಚೇಂಬರಿಗೇ ಬರುತ್ತೆ. ಏರ್ ಟ್ಯಾಂಕಿನ ಡ್ರೈನ್ ಎಳೆದು ನೋಡಿ, ಕೂಲಂಟ್ ಬಣ್ಣದ ನೀರು ಬಂದರೆ ಇಂಜಿನ್ ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಗೇರಿನಿಂದ ಓಡುವ ವಾಟರ್ ಪಂಪ್ ಇದ್ದರೆ ಅದರ ವೀಪ್ ಹೋಲ್ (ಸೋರಿದ ನೀರು ಹೊರಗೆ ಹೋಗುವ ತೂತು) ಕೆಸರು ಕಟ್ಟಿದೆಯಾ ನೋಡಿ. ಬೆಲ್ಟಿನದಾದರೆ ಸೋರಿದ್ದು ರಸ್ತೆಗೇ ಬೀಳುತ್ತೆ.

ಸೋರಿಕೆ ಸಿಕ್ಕಿ ರಿಪೇರಿ ಆದ ಮೇಲೆ ಡೀಸೆಲ್ ಸುರಿದು ಇಂಜಿನ್ ತೊಳೆಯೋ ಉಪಾಯ ಬೇಡ, ಬೇರಿಂಗಿಗೆ ಒತ್ತಡವೇ ಸಿಗಲ್ಲ. ಅಗ್ಗದ ಆಯಿಲ್, ಹೊಸ ಫಿಲ್ಟರ್ ಹಾಕಿ 10 ನಿಮಿಷ ಐಡಲ್ ಓಡಿಸಿ ಬಿಸಿಯಲ್ಲೇ ಬಸಿಯಿರಿ. ಶುದ್ಧ ಬರುವವರೆಗೆ ಎರಡು ಮೂರು ಸಲ. ಅದಕ್ಕೂ ಮೊದಲು, ಚೇಂಬರ್ ಇಳಿದಿರುವಾಗಲೇ ಒಂದು ಮೇನ್ ಕ್ಯಾಪ್, ಒಂದು ರಾಡ್ ಕ್ಯಾಪ್ ತೆಗೆದು ಒಳಗಿನ ಬೇರಿಂಗ್ ಶೆಲ್ ನೋಡಿ. ಬೂದು ಪದರ ಹೋಗಿ ತಾಮ್ರ ಕಂಡರೆ ಸೆಟ್ಟೇ ಬದಲಿಸಿ. ಆಯಿಲ್ ಹೊಕ್ಕ ರೇಡಿಯೇಟರ್ ಹೋಸುಗಳು ಉಬ್ಬಿ ಮೆತ್ತಗಾಗಿರುತ್ತವೆ, ಅವನ್ನೂ ಎಸೆಯಿರಿ. ಹೊಸ ಆಯಿಲ್ ಹಾಕಿ ಸುಮಾರು 200 ಕಿ.ಮೀ. ಆದ ಮೇಲೆ ಫಿಲ್ಟರನ್ನು ಕತ್ತರಿಸಿ ಕಾಗದ ಬಿಚ್ಚಿ ನೋಡಿ: ಕಾಗದ ಅಲೆಅಲೆಯಾಗಿ ಉಬ್ಬಿದ್ದರೆ ನೀರು ಇನ್ನೂ ಬರ್ತಿದೆ.