ಮೀನು ಹಿಡಿಯೋ ಗಾಳಕ್ಕೆ ಜಿಗ್ (ಸೀಸದ ತೂಕ ಕೂರಿಸಿದ ಕೊಕ್ಕೆ) ಮನೇಲೇ ಎರೆಯೋಕೆ ಸೀಸ ಎಲ್ಲಿ ಸಿಗುತ್ತೆ, ಹೇಗೆ ಕರಗಿಸೋದು?

ಟೈರ್ ಅಂಗಡೀಲಿ ಕೇಳಿ, ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ಕಿತ್ತ ಹಳೇ ತೂಕದ ತುಂಡುಗಳು ಇರುತ್ವೆ, ಇಲ್ಲಾಂದ್ರೆ ಗುಜರೀಲಿ ಸೀಸದ ಪೈಪು, ಶೀಟು ನೋಡಿ. ವೀಲ್ ತೂಕದಲ್ಲಿ ಸತು, ಕಬ್ಬಿಣದವೂ ಸೇರಿರುತ್ತೆ, ಕಟಿಂಗ್ ಪ್ಲೇಯರಲ್ಲಿ ಒತ್ತಿದ್ರೆ ಸೀಸ ಮಾತ್ರ ಮೆತ್ತಗೆ ಕಚ್ಚುತ್ತೆ. ಸೀಸ 327 ಡಿಗ್ರಿಗೇ ಕರಗುತ್ತೆ, ಸತುಗೆ ಸುಮಾರು 420 ಬೇಕು, ಅದಕ್ಕೇ ಉರಿ ಜಾಸ್ತಿ ಮಾಡದೆ ಮೇಲೆ ತೇಲಿದ್ದನ್ನ ಸೌಟಲ್ಲಿ ತೆಗೆದುಬಿಡಿ.

ಹಳೇ ಬ್ಯಾಟರಿ ಮಾತ್ರ ದಯವಿಟ್ಟು ಒಡೀಬೇಡಿ, ಆಸಿಡ್ಡು, ಮೇಲೆ ವಿಷದ ಹೊಗೆ.

ಬಯಲಲ್ಲೇ ಕರಗಿಸಿ, ಗಾಳಿ ಬೆನ್ನ ಹಿಂದಿರಲಿ, ಕಬ್ಬಿಣದ ಪಾತ್ರೆ ತಗೊಳ್ಳಿ, ಅದನ್ನ ಮತ್ತೆ ಅಡುಗೆಗೆ ಬಳಸಲೇಬೇಡಿ. ಅಚ್ಚಲ್ಲಿ ಒಂದು ಹನಿ ನೀರಿದ್ರೂ ಕಾದ ಸೀಸ ಮುಖಕ್ಕೇ ಸಿಡಿಯುತ್ತೆ, ಕನ್ನಡಕ ಗ್ಲೌಸ್ ಬೇಕೇ ಬೇಕು, ಮಕ್ಕಳು, ಗರ್ಭಿಣಿಯರು ಹತ್ರ ಬರದಂಗೆ ನೋಡ್ಕೊಳ್ಳಿ.