ಪ್ರತಿಕ್ರಿಯೆ: ಸೂಳೆಕೆರೆ ಬಗ್ಗೆ ಮೂರು ಸಾಲು ಬರೆದೆ, ಅಳಿಸುವ ಸೂಚನೆ ಬಂತು, ಏನು ಮಾಡಲಿ?

ಮೂರು ಸಾಲು ಬರೆದದ್ದು ತಪ್ಪಲ್ಲ. ಕನ್ನಡ ವಿಕಿಪೀಡಿಯದಲ್ಲಿ ಅಂಥದ್ದಕ್ಕೆ 'ಚುಟುಕು' ಅಂತ ಹೆಸರೇ ಇದೆ. ನೀವು ಇಲ್ಲಿ ಹಾಕಿರುವ ಸಾಲುಗಳನ್ನು ನೋಡಿದೆ. 'ಕಣ್ಮನ ಸೆಳೆಯುವ ತಾಣ, ಎಲ್ಲರೂ ಒಮ್ಮೆ ನೋಡಲೇಬೇಕು' ಅನ್ನುವುದು ಪ್ರವಾಸದ ಜಾಹೀರಾತಿನ ಮಾತು, ಅಲ್ವಾ? ತೊಂದರೆ ಅಲ್ಲಿದೆ.

ಮೊದಲ ವಾಕ್ಯದಲ್ಲೇ ಅದು ಏನು, ಎಲ್ಲಿದೆ ಅಂತ ಹೇಳಿಬಿಡಿ: 'ಸೂಳೆಕೆರೆ ಅಥವಾ ಶಾಂತಿಸಾಗರ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ದೊಡ್ಡ ಕೆರೆ.' ಎರಡು ಹೆಸರೂ ಇರಲಿ, ಹುಡುಕುವವರಿಗೆ ಬೇಕಾಗುತ್ತದೆ. ಆಮೇಲೆ ನೀರು ಎಲ್ಲಿಂದ ಬರುತ್ತದೆ, ಯಾರು ಬಳಸುತ್ತಾರೆ ಅಂತ ಎರಡು ಮೂರು ವಾಕ್ಯ. ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಶಿವಮೊಗ್ಗದ ಕೆಳಗೆ ಹುಡುಕಿ. ಇದು ಗೊತ್ತಿಲ್ಲದೆ ನಾನೇ ಒಂದು ಮಧ್ಯಾಹ್ನ ಕಳೆದಿದ್ದೆ!

'ಏಷ್ಯಾದ ಎರಡನೇ ದೊಡ್ಡ ಕೆರೆ' ಅನ್ನುವ ಸಾಲನ್ನು ಸದ್ಯಕ್ಕೆ ತೆಗೆಯಿರಿ. ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಯಾರು ಅಳೆದರು, ಯಾವ ಲೆಕ್ಕದಲ್ಲಿ? ಗಟ್ಟಿ ಆಧಾರ ಸಿಕ್ಕಿದ ದಿನ ಸೇರಿಸಬಹುದು. ಕೆರೆ ಕಟ್ಟಿಸಿದ ರಾಜಕುಮಾರಿಯ ಕತೆಯನ್ನು ಬಿಡಬೇಡಿ, ಸುಮ್ನೆ 'ಸ್ಥಳೀಯ ಐತಿಹ್ಯದ ಪ್ರಕಾರ' ಅಂತ ಶುರು ಮಾಡಿ.

ಆಧಾರ ಎರಡಾದರೂ ಬೇಕು. ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ಹೊರತರುವ ಮಾಹಿತಿ ಪುಸ್ತಕ) ಒಂದು, ಪತ್ರಿಕೆಯ ವರದಿ ಒಂದು. ಬ್ಲಾಗಿನಿಂದ ಸಾಲು ಎತ್ತಬೇಡಿ, ಕೃತಿಚೌರ್ಯ ಅಂದರೆ ಪುಟ ಬೇಗ ಹೋಗುತ್ತದೆ. ಕೊನೆಗೆ ಒಂದು ವರ್ಗ (ಒಂದೇ ಬಗೆಯ ಪುಟಗಳನ್ನು ಒಟ್ಟಿಗೆ ಸೇರಿಸುವ ಗುಂಪು) ಹಾಕಿ, ಚನ್ನಗಿರಿ ಪುಟದಿಂದ ಇದಕ್ಕೆ ಕೊಂಡಿ ಕೊಡಿ.

ಮೊದಲು ನಿಮ್ಮ ಪ್ರಯೋಗಪುಟದಲ್ಲಿ (ವಿಕಿಪೀಡಿಯದಲ್ಲಿ ಕರಡು ಬರೆದು ನೋಡಲು ನಿಮಗಿರುವ ಪುಟ) ಬರೆದು ಇಲ್ಲಿ ಹೇಳಿ, ನೋಡುತ್ತೇನೆ.